ಹನ್ನೊಂದು ಸೊಳ್ಳೆ ದಾಟಿ ಮೊಂಬಾಸಾಕ್ಕೆ

ಹೊಸಕೋಟೆ

ಆಫ್ರಿಕಾಕ್ಕೆ ಹೋಗಬಾರದು ಅನ್ನೋದಕ್ಕೆ ನನ್ನ ಹತ್ತಿರ ಹನ್ನೊಂದು ಕಾರಣ ಇದ್ದವು. ಹನ್ನೊಂದೂ ಸೊಳ್ಳೆಗಳೇ.

ನಾನು ಹೆತ್ತೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ಕಂಪೌಂಡರ್ ಆಗಿದ್ದವನು. ಕೆಲಸದಿಂದ ಇಳಿದು ಎರಡು ವರ್ಷದಿಂದ ಆಲೂರಿನ ಹತ್ತಿರ ಹೊಸಕೋಟೆಯಲ್ಲಿದ್ದೇನೆ. ಸೊಳ್ಳೆಯ ವಿಷಯದಲ್ಲಿ ನಮ್ಮ ಸುತ್ತಿನಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಬಾಲ ಎತ್ತಿ ಕೂತರೆ ಚಳಿಜ್ವರದ್ದು, ಗೂನು ಬೆನ್ನು ಮಾಡಿ ಕೂತರೆ ಬೇರೆಯದ್ದು, ಇದನ್ನೆಲ್ಲ ನಾನು ಹೇಳಿದ್ದು ಕೇಳಿಯೇ ಜನ ಕಲಿತದ್ದು. ಹೀಗಿರುವಾಗ ನನ್ನ ಹೆಂಡತಿ ಗೌರಮ್ಮ ಒಂದು ದಿನ ಕಾಗದ ಹಿಡಿದುಕೊಂಡು ಬಂದು, ಮೊಂಬಾಸಾಕ್ಕೆ ಹೋಗೋಣ ಅಂದಳು. ಬೇಲೂರಿಗೆ ಹೋಗೋಣ ಅನ್ನೋ ಹಾಗೆ ಹೇಳಿದಳು.

ಕಾಗದ ಬರೆದವನು ಅವಳ ತಮ್ಮ ರುದ್ರ. ಅವನು ಊರು ಬಿಟ್ಟು ಹಡಗು ಹತ್ತಿ ಮೂವತ್ತು ವರ್ಷವಾಗಿತ್ತು. ಅಲ್ಲಿ ರೈಲಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ವರ್ಷಕ್ಕೆ ಒಂದು ಕಾಗದ, ಎರಡು ಸಾಲು, ನಾನು ಕ್ಷೇಮ, ಅಕ್ಕ ಕ್ಷೇಮವೆಂದು ನಂಬಿದ್ದೇನೆ, ಇಷ್ಟೇ. ಈ ಸಲ ಮಾತ್ರ ಎರಡು ಪುಟ ಬರೆದು, ಒಂದು ಫೋಟೋ ಇಟ್ಟಿದ್ದ. ಅಕ್ಕ ಬಂದು ಎರಡು ತಿಂಗಳು ಇದ್ದು ಹೋಗಬೇಕು, ಹಡಗಿನ ಟಿಕೆಟ್ ನಾನೇ ತೆಗೆಸುತ್ತೇನೆ ಅಂತ ಬರೆದು, ಕೊನೆಗೆ 'ಭಾವನವರಿಗೆ ಇಷ್ಟವಿದ್ದಲ್ಲಿ ಅವರೂ ಬರಬಹುದು' ಅಂತ ಸೇರಿಸಿದ್ದ. ಬರಬಹುದಂತೆ! ನಾಟಕಕ್ಕೆ ಕರೆಯೋರು ಕೂಡ ಇದಕ್ಕಿಂತ ಮರ್ಯಾದೆಯಾಗಿ ಕರೀತಾರೆ.

ಗೌರಮ್ಮ ಕಾಗದಕ್ಕಿಂತ ಫೋಟೋವನ್ನೇ ನೋಡುತ್ತಿದ್ದಳು. 'ತಲೆ ಎಲ್ಲಾ ನೆರೆತೋಗೈತೆ ಕಣ್ರೀ ನನ್ ಮಗೂಗೆ' ಅಂದಳು. ಮಗುವಿಗೆ ನಲವತ್ತೊಂಬತ್ತು ವರ್ಷ.

ಅವಳು ಹಾಗೆ ಅನ್ನೋದರಲ್ಲಿ ತಪ್ಪಿಲ್ಲ. ಅವರ ಅಮ್ಮ ಜ್ವರದಲ್ಲಿ ಹೋದಾಗ ರುದ್ರನಿಗೆ ಎರಡು ವರ್ಷ, ಇವಳಿಗೆ ಹನ್ನೊಂದು. ಇವಳೇ ಅವನಿಗೆ ಗಂಜಿ ಕುಡಿಸಿ ಬೆಳೆಸಿದಳು. ನಮ್ಮ ಮದುವೆಯಲ್ಲಿ ನನಗೆ ಬಂದ ಬಳುವಳಿ ಒಂದು ಎಮ್ಮೆ, ಎರಡು ತಾಮ್ರದ ಹಂಡೆ, ಮತ್ತೆ ಐದು ವರ್ಷದ ರುದ್ರ. ಎಮ್ಮೆ ಮೂರನೇ ವರ್ಷ ಸತ್ತಿತು, ಹಂಡೆ ಈಗಲೂ ಇದೆ. ರುದ್ರ ಹತ್ತೊಂಬತ್ತರಲ್ಲಿ ಹೊರಟುಹೋದ.

ನಾನು ಕಾರಣಗಳನ್ನು ಒಂದೊಂದಾಗಿ ಬಿಚ್ಚಿದೆ. ಚಳಿಜ್ವರ, ಅದರಲ್ಲೇ ತಲೆಗೆ ಏರುವ ಜಾತಿ, ಉಚ್ಚೆ ಕಪ್ಪಾಗುವ ಜಾತಿ, ಆನೆಕಾಲು, ಕೀಲು ಮುರಿಯುವ ಜ್ವರ, ಎಲ್ಲಕ್ಕಿಂತ ದೊಡ್ಡದು ಹಳದಿ ಜ್ವರ. ಅದು ಬಂದರೆ ಕಣ್ಣು ಅರಿಶಿನವಾಗಿ ಕಪ್ಪಗೆ ವಾಂತಿ ಆಗುತ್ತೆ, ನಮ್ಮ ಕಡೆ ಅದರ ಗಾಳಿಯೂ ಬೀಸಿಲ್ಲ, ನಮ್ಮ ವಯಸ್ಸಿಗೆ ಅದು ಬಂದರೆ ನೇರ ಶಿವನ ಪಾದ ಅಂದೆ. ಅವಳು ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡಳು. ಹನ್ನೊಂದೂ ಮುಗಿದ ಮೇಲೆ ಮೊರ ಕೆಳಗಿಟ್ಟಳು.

'ನಮ್ಮವ್ವ ಸತ್ತಿದ್ದು ಆಫ್ರಿಕಾದಾಗಾ?' ಅಂದಳು.

ಡಿಡಿಟಿ ಹೊಡೆಯೋರು ಬಂದು ಗೋಡೆಗೆಲ್ಲ ಬಳಿದು ಹೋಗೋ ತನಕ ನಮ್ಮ ಸೀಮೆಯ ಹೆಸರು ಕೇಳಿದರೇ ಬಯಲಿನವರು ಹೆಣ್ಣು ಕೊಡುತ್ತಿರಲಿಲ್ಲ. ಸಕಲೇಶಪುರಕ್ಕೆ ವರ್ಗ ಆದ ಅಮಲ್ದಾರರ ಮನೆಯಲ್ಲಿ ಸೂತಕದ ಹಾಗೆ ಅಳುತ್ತಿದ್ದರಂತೆ. ಅಂಥಾ ಊರಿನಲ್ಲಿ ಅರವತ್ತಾರು ವರ್ಷ ಬದುಕಿ, ನಾನು ಪರದೇಶದ ಸೊಳ್ಳೆಯನ್ನು ಬೈಯುತ್ತಾ ಕೂತಿದ್ದೆ.

ಸಕಲೇಶಪುರ

ನನಗೆ ಬೆಂಬಲಕ್ಕೆ ಒಬ್ಬರು ಬೇಕಾಗಿತ್ತು. ಸಕಲೇಶಪುರದ ಇಬ್ರಾಹಿಂ ಸಾಹೇಬರು ಕಾಫಿ, ಏಲಕ್ಕಿ ವ್ಯಾಪಾರದವರು, ನಮ್ಮ ಎಸ್ಟೇಟಿಗೆ ಅವರದ್ದೇ ಲಾರಿ ಬರುತ್ತಿತ್ತು. ಹಜ್‌ಗೆ ಹಡಗಿನಲ್ಲಿ ಹೋಗಿ ಬಂದವರು. ಸಮುದ್ರದ ಕಷ್ಟವನ್ನು ಅವರ ಬಾಯಿಂದ ಕೇಳಿದರೆ ಗೌರಮ್ಮ ಹೆದರಿಯಾಳು ಅಂತ ಅವಳನ್ನೂ ಕರೆದುಕೊಂಡು ಹೋದೆ.

ಸಾಹೇಬರು ನನ್ನ ಬುಡಕ್ಕೇ ಕೊಡಲಿ ಹಾಕಿದರು. ಹಡಗು ಬಹಳ ಚೆನ್ನ, ನಡುಸಮುದ್ರದಲ್ಲಿ ಸೊಳ್ಳೆ ಅನ್ನೋದೇ ಇಲ್ಲ, ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸಿ, ಜೊತೆಗೆ ಉಪ್ಪಿನಕಾಯಿ ಎರಡು ಜಾಡಿ ಜಾಸ್ತಿ ಇಟ್ಕೊಳ್ಳಿ, ನೆರೆಯವರು ಕೇಳ್ತಾರೆ ಅಂತ ಅವಳಿಗೆ ಪಟ್ಟಿ ಹೇಳಿಕೊಟ್ಟರು. ಗೌರಮ್ಮ ಒಳಗೆ ಅವರ ಮನೆಯ ಹೆಂಗಸರ ಹತ್ತಿರ ಹೋದ ಮೇಲೆ ನನ್ನ ಕಡೆ ತಿರುಗಿದರು.

'ಮಾರಾಯ್ರೇ, ನೀವು ಹೆದರೋದು ಸೊಳ್ಳೆಗೋ, ರುದ್ರಪ್ಪನಿಗೋ?'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೂತಲ್ಲೇ ಕದಲಿದೆ. ಇನ್ನು ಮುಚ್ಚಿಡೋದು ಬೇಡ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ನಮ್ಮ ಎಸ್ಟೇಟಿನಲ್ಲಿ ಸಾಯಂಕಾಲ ಹಾಜರಿ ಮುಗಿದ ಮೇಲೆ ಸ್ಟೋರಿನ ಮುಂದೆ ಚಳಿಜ್ವರದ ಮದ್ದಿಗೆ, ಅಂದರೆ ಕ್ವಿನೈನಿಗೆ, ಸಾಲು ನಿಲ್ಲುತ್ತಿತ್ತು. ದೊರೆಯ ಅಪ್ಪಣೆ. ಕೂಲಿ ಲೈನಿನ ಗಂಡಸರು, ಹೆಂಗಸರು, ಲೆಕ್ಕ ಬರೆಯೋ ರೈಟರು, ಮೇಸ್ತ್ರಿ, ಎಲ್ಲರೂ. ನಾನು ದೊಡ್ಡ ಸೀಸೆಯಿಂದ ಗ್ಲಾಸಿಗೆ ಅಳೆದು ಹೊಯ್ಯುತ್ತಿದ್ದೆ, ಅವರು ನನ್ನ ಎದುರೇ ಕುಡಿಯಬೇಕು, ಕುಡಿದು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಬಾಯಲ್ಲಿ ಮದ್ದು ಇಟ್ಟುಕೊಂಡವನಿಗೆ ಹೆಸರು ಹೇಳೋಕೆ ಆಗಲ್ಲ, ಅದೇ ಗುಟ್ಟು. ಇದು ನನ್ನದೇ ಉಪಾಯ, ದೊರೆ ಮೆಚ್ಚಿ ಬೇರೆ ಎಸ್ಟೇಟಿನವರಿಗೂ ಹೇಳಿದ್ದ. ರುದ್ರ ಆಗ ಸ್ಟೋರಿನಲ್ಲಿ ಕಾಫಿ ತೂಕ ಬರೆಯುತ್ತಿದ್ದ. ಒಂದು ದಿನ ಅವನು ಹೆಸರು ಹೇಳಿ ಹೋಗಿ, ಗೋಡೆಯ ಹಿಂದೆ ಬೆರಳು ಹಾಕಿ ಕಕ್ಕೋದನ್ನು ನಾನೇ ನೋಡಿದೆ. ಕುತ್ತಿಗೆ ಹಿಡಿದು ಎಳೆದುಕೊಂಡು ಬಂದೆ. ನೂರಾರು ಜನರ ಮುಂದೆ ಎರಡು ಗ್ಲಾಸ್ ಕುಡಿಸಿ, ಹತ್ತು ಸಲ ಹೆಸರು ಕೂಗಿಸಿದೆ. ಹತ್ತನೇ ಸಲ ಅವನ ದನಿ ಒಡೆದುಹೋಯಿತು. ಲೈನಿನ ಹೆಂಗಸರು ನಕ್ಕರು. ಅದಾದ ಎಂಟನೇ ದಿನಕ್ಕೆ ರುದ್ರ ಮಾರನಹಳ್ಳಿ ಘಾಟಿ ಇಳಿದು ಮಂಗಳೂರಿಗೆ, ಅಲ್ಲಿಂದ ಹಡಗಿಗೆ ಹೊರಟುಹೋದ. ಆ ಮಣ್ಣು ಇನ್ನು ತುಳಿಯಲ್ಲ ಅಂತ ಅಕ್ಕನಿಗೆ ಹೇಳಿ ಹೋದನಂತೆ. ಹೇಳಿದ ಹಾಗೆ ನಡೆದುಕೊಂಡ.

ಸಾಹೇಬರಿಗೆ ಈ ಕಥೆ ಗೊತ್ತು, ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. 'ಹೋಗಿ ಬನ್ನಿ. ಅಮ್ಮಾವ್ರು ಸಾಕಿದ ಮಗನ್ನ ನೋಡ್ಲಿ' ಅಂದರು. ನಾನು ತಲೆ ಆಡಿಸಿದೆ.

ಬೊಂಬಾಯಿ

ಹಳದಿ ಜ್ವರದ ಸೂಜಿ ಹಾಕಿಸಿ, ಅದಕ್ಕೆ ಒಂದು ಚೀಟಿ ಪಡೆಯದೆ ಹಡಗು ಹತ್ತುವ ಹಾಗಿಲ್ಲ. ಸೂಜಿ ಹಾಕಿದ ಹತ್ತು ದಿನದ ಮೇಲೇ ಚೀಟಿಗೆ ಬೆಲೆ. ಆದ್ದರಿಂದ ಬೊಂಬಾಯಲ್ಲಿ ನಮ್ಮ ಕಡೆಯವರ ಒಂದು ಛತ್ರದಲ್ಲಿ ಹತ್ತು ದಿನ ಬಿದ್ದಿದ್ದೆವು.

ನನಗೆ ಇನ್ನೂ ಒಂದು ಆಸೆ ಉಳಿದಿತ್ತು. ಸೂಜಿ ಹಾಕುವ ಡಾಕ್ಟರೇ, ವಯಸ್ಸಾಯ್ತು ಬೇಡ ಅಂದುಬಿಟ್ಟರೆ ತಪ್ಪು ನನ್ನದಾಗಲ್ಲವಲ್ಲ. ಅವರು ಧಾರವಾಡ ಕಡೆಯವರು, ಕನ್ನಡ ಬರುತ್ತಿತ್ತು, ನನಗೆ ಖುಷಿಯಾಯಿತು. ನಾನೂ ವೈದ್ಯದವನೇ ಅಂತ ಪರಿಚಯ ಹೇಳಿಕೊಂಡು, ಮುದುಕರಿಗೆ ಈ ಸೂಜಿಯಿಂದಲೇ ಜ್ವರ ಬರೋದುಂಟಂತಲ್ಲ ಅಂದೆ. ಉಂಟು, ಸಾವಿರಕ್ಕೊಬ್ಬರಿಗೋ ಎಲ್ಲೋ, ಹಾಗಂತ ಆ ಜ್ವರವೇ ಬಂದರೆ ಅದಕ್ಕೆ ಮದ್ದಿಲ್ಲ, ಎರಡನ್ನೂ ತೂಗಿ ನೋಡಿ ನೀವೇ ಹೇಳಿ ಅಂದರು. ನಾನು ತೂಗೋದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೌರಮ್ಮ ರವಿಕೆ ತೋಳು ಮೇಲೆತ್ತಿ ಕೂತಿದ್ದಳು.

ಡಾಕ್ಟರು ಒಂದು ಪ್ರಶ್ನೆ ಕೇಳಿದರು. ಮೊಟ್ಟೆ ತಿಂದರೆ ನಿಮಗೆ ಏನಾದರೂ ತೊಂದರೆ ಆಗುತ್ತದೆಯೇ?

'ಆಯ್ತದೆ. ಜಾತಿ ಹೋಯ್ತದೆ' ಅಂದಳು.

ಅವರು ನಗಲಿಲ್ಲ, ಬಹುಶಃ ಇಂಥಾ ಉತ್ತರ ದಿನಕ್ಕೆ ಹತ್ತು ಕೇಳುತ್ತಿದ್ದರು. ಈ ಮದ್ದನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಮೊಟ್ಟೆ ಒಗ್ಗದ ಮೈಗೆ ಇದೂ ಒಗ್ಗೋದಿಲ್ಲ, ಅದಕ್ಕೇ ಕೇಳಿದ್ದು ಅಂತ ಬಿಡಿಸಿ ಹೇಳಿದರು. ನನಗೆ ಒಳಗೊಳಗೇ ಹಬ್ಬ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಸಿಪ್ಪೆಯನ್ನೂ ತುಳಿಯದ ಹೆಂಗಸು. ಹನ್ನೆರಡನೇ ಕಾರಣ ತಾನಾಗಿ ಬಂದು ಬಾಗಿಲು ತಟ್ಟಿತು ಅಂದುಕೊಂಡೆ. ಗೌರಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. ಆಮೇಲೆ, ತೋಳಿಗೆ ತಾನೇ ಚುಚ್ಚೋದು, ತೋಳು ತಿನ್ನಲ್ಲವಲ್ಲ, ಹಾಕಿ ಅಂದಳು. ಡಾಕ್ಟರು ಮೊದಲು ಮೊಣಕೈ ಹತ್ತಿರ ಒಂದು ಹನಿ ಚುಚ್ಚಿ, ಕಾಲು ಗಂಟೆ ನೋಡಿ, ಏನೂ ಆಗದ ಮೇಲೆ ಪೂರ್ತಿ ಹಾಕಿದರು, ಆಮೇಲೆ ನನಗೂ ಹಾಕಿದರು.

ಸೋತವನು ಸುಮ್ಮನಿರಬೇಕಿತ್ತು. ನಾನು ಸುಮ್ಮನಿರದೆ, ಇವಳು ಮಲೆನಾಡಿನವಳು, ಒಳಗೆ ಜ್ವರಗಡ್ಡೆ ಇರಬಹುದು, ನೋಡಿ ಅಂದೆ. ಪದೇ ಪದೇ ಚಳಿಜ್ವರ ಬಂದವರಿಗೆ ಎಡಗಡೆ ಪಕ್ಕೆಲುಬಿನ ಕೆಳಗೆ ಗಡ್ಡೆ ಸಿಗುತ್ತೆ, ಅದಿದ್ದವರಿಗೆ ಮತ್ತೆ ಜ್ವರ ಬಂದರೆ ಕಷ್ಟ. ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿದರು, ಇರಲಿಲ್ಲ. ಬಂದಿದ್ದಕ್ಕೆ ನನ್ನದನ್ನೂ ಒತ್ತಿದರು. ಅವರ ಬೆರಳು ಅಲ್ಲೇ ನಿಂತುಬಿಟ್ಟಿತು. ನಿಮಗೆ ಇದೆಯಲ್ಲ ಯಜಮಾನರೇ, ಸಾಕಷ್ಟು ದೊಡ್ಡದೇ ಇದೆ, ಚಳಿಜ್ವರ ಬಾರದ ಹಾಗೆ ಇಬ್ಬರಿಗೂ ವಾರಕ್ಕೊಂದು ಮಾತ್ರೆ ಕೊಡುತ್ತೇನೆ, ನೀವು ಮಾತ್ರ ಒಂದು ಭಾನುವಾರವೂ ತಪ್ಪಿಸಬೇಡಿ ಅಂದರು.

ದಾರಿಯಲ್ಲಿ ಗೌರಮ್ಮ ಬಹಳ ಯೋಚಿಸಿ ಕೇಳಿದಳು, ದಿನಾ ಕ್ವಿನೈನ್ ಕುಡಿದವರಿಗೆ ಗಡ್ಡೆ ಹೆಂಗೆ ಬರುತ್ತೆ ಅಂತ. ಟ್ರಾಮಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅಂದರೆ ಕೇಳಿಸಿತ್ತು.

ಛತ್ರದ ಸೊಳ್ಳೆಗಳು ಆ ಹತ್ತು ದಿನ ನಮ್ಮನ್ನು ಹುರಿದು ಮುಕ್ಕಿದವು. ನಮ್ಮ ಹೆತ್ತೂರಿನ ಸೊಳ್ಳೆ ಕಚ್ಚುವ ಮೊದಲು ಒಂದು ಸುತ್ತು ಹಾಡಿ ಹೇಳುತ್ತೆ, ಬೊಂಬಾಯಿದು ಮಾತೇ ಆಡಲ್ಲ.

ಹಡಗು

ಒಂಬತ್ತು ದಿನದ ಹಡಗಿನಲ್ಲಿ ನಾನು ಐದು ದಿನ ಮಲಗಿದ್ದೆ. ಸಾಹೇಬರ ನಿಂಬೆಹಣ್ಣು ಮೂಸಿ ಮೂಸಿ ಮೂಗು ಹುಳಿಯಾಯಿತೇ ಹೊರತು ಹೊಟ್ಟೆ ನಿಲ್ಲಲಿಲ್ಲ. ಗೌರಮ್ಮನಿಗೆ ಮಾತ್ರ ಏನೂ ಆಗಲಿಲ್ಲ. ಎರಡನೇ ದಿನಕ್ಕೇ ಅವಳು ಅರ್ಧ ಹಡಗಿಗೆ ಬೇಕಾದವಳಾದಳು. ಗುಜರಾತಿ ಹೆಂಗಸರಿಗೆ ಚಟ್ನಿಪುಡಿ ಕೊಟ್ಟಳು, ಅವರು ಇವಳಿಗೆ ಸಿಹಿ ಹಾಕಿದ ತೊವ್ವೆ ಕೊಟ್ಟರು. ತೊವ್ವೆಗೆ ಬೆಲ್ಲ ಯಾಕೆ ಅಂತ ಇವಳು ಕನ್ನಡದಲ್ಲಿ ಕೇಳೋಳು, ಚಟ್ನಿ ಇಷ್ಟು ಖಾರ ಯಾಕೆ ಅಂತ ಅವರು ಗುಜರಾತಿಯಲ್ಲಿ ಕೇಳೋರು. ಇಬ್ಬರಿಗೂ ಉತ್ತರ ಬೇಕಿರಲಿಲ್ಲ.

ವಯಸ್ಸಾದ ಪ್ರಯಾಣಿಕರೆಲ್ಲ ಸಾಯಂಕಾಲ ಡೆಕ್ ಅನ್ನೋ ಮೇಲಿನ ಅಟ್ಟದಲ್ಲಿ ಸೇರಿ ಸೊಳ್ಳೆಯ ಮಾತೇ ಆಡುತ್ತಿದ್ದರು. ಒಬ್ಬರು ಬೇವಿನೆಣ್ಣೆ ಡಬ್ಬ ತಂದಿದ್ದರು. ಒಬ್ಬರು ಬೆಳ್ಳುಳ್ಳಿ ತಿಂದರೆ ಸೊಳ್ಳೆ ಹತ್ತಿರ ಬರಲ್ಲ ಅಂತ ತಿಂದು ತಿಂದು ಮನುಷ್ಯರೂ ಹತ್ತಿರ ಬಾರದ ಹಾಗೆ ಮಾಡಿಕೊಂಡಿದ್ದರು. ಕಾಲುಚೀಲದ ಮೇಲೆ ಕಾಲುಚೀಲ ಹಾಕಿದವರು, ಸೊಳ್ಳೆಪರದೆಯನ್ನು ಹಡಗಿನಲ್ಲೇ ಬಿಚ್ಚಿ ಹೊಲಿಗೆ ನೋಡುತ್ತಿದ್ದವರು, ಎಲ್ಲ ಇದ್ದರು. ನಾನು ಹೊಟ್ಟೆ ಸುಧಾರಿಸಿಕೊಂಡ ಮೇಲೆ ಅಲ್ಲಿ ಹೋಗಿ ಕೂತೆ. ಮೂವತ್ತೆಂಟು ವರ್ಷದ ಅನುಭವ ಅಂದ ತಕ್ಷಣ ಕುರ್ಚಿ ಕೊಟ್ಟರು. ವಾರದ ಮಾತ್ರೆಯ ಮಹಿಮೆಯ ಮೇಲೆ ಹಿಂದಿಯೋ ಕನ್ನಡವೋ ಒಂದು ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆದೂಗಿದರು.

ಅವತ್ತೇ ಭಾನುವಾರ. ಊಟವಾದ ಮೇಲೆ ಗೌರಮ್ಮ ತಾನೊಂದು ಮಾತ್ರೆ ನುಂಗಿ, ನನಗೊಂದು ಕೊಟ್ಟಳು. ನಾನು ಬಾಯಿಗೆ ಹಾಕಿ, ನೀರು ಕುಡಿದು, ಹಡಗಿನ ಅಂಚಿಗೆ ಹೋಗಿ ಸಮುದ್ರಕ್ಕೆ ಉಗಿದೆ.

ಓದುವವರು ನಗಬಹುದು, ಬೈಯಲೂಬಹುದು. ನನಗೆ ಆ ಕಹಿ ಆಗೋದಿಲ್ಲ. ಅದು ನಾಲಿಗೆಗೆ ಮುಟ್ಟಿದರೆ ಕಿವಿಯಲ್ಲಿ ಜೀರುಂಡೆ ಕೂಗುತ್ತೆ, ಕರುಳು ಬಾಯಿಗೆ ಬರುತ್ತೆ. ಎಸ್ಟೇಟಿನಲ್ಲೂ ನಾನು ಕ್ವಿನೈನ್ ಕುಡಿದವನಲ್ಲ. ಸಾಲಿನಲ್ಲಿ ಎಲ್ಲರಿಗೂ ಹೊಯ್ದ ಮೇಲೆ ಕೊನೆಯ ಗ್ಲಾಸ್ ನನ್ನದು, ಅದನ್ನು ಔಷಧಿ ಕೋಣೆಗೆ ತೆಗೆದುಕೊಂಡು ಹೋಗಿ ಮೋರಿಗೆ ಚೆಲ್ಲುತ್ತಿದ್ದೆ. ಮೂವತ್ತೆಂಟು ವರ್ಷ ಚೆಲ್ಲಿದೆ. ವರ್ಷಕ್ಕೆ ಎರಡು ಸಲ ನಡುಗಿಕೊಂಡು ಮಲಗಿ, ನೆಗಡಿ ಅಂತ ಹೇಳುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕಂಪೌಂಡರನ ಹೆಸರು ಕೇಳೋರು ಯಾರು?

ಮೊಂಬಾಸಾ

ಹಡಗು ಇಳಿಯುವ ಮೊದಲೇ ನನಗೆ ಒಂದು ಅವಮಾನ ಕಾದಿತ್ತು. ಬಂದರಿನ ಆರೋಗ್ಯದ ಅಧಿಕಾರಿ ನಮ್ಮ ಚೀಟಿ ನೋಡಿ, ಊರು ಯಾವುದು ಅಂತ ಕೇಳಿದ. ಮೈಸೂರು ಸೀಮೆಯ ಕಾಫಿ ಬೆಟ್ಟ ಅಂದೆ, ಹೆಮ್ಮೆಯಿಂದ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅದು ಕೆಟ್ಟ ಜ್ವರದ ಜಾಗ ಅಲ್ಲವೇ ಅಂತ ಹೇಳಿ, ನಮ್ಮಿಬ್ಬರ ಬೆರಳು ಚುಚ್ಚಿಸಿ ರಕ್ತ ತೆಗೆಸಿದ. ನಾವು ಆಫ್ರಿಕಾಕ್ಕೆ ಹೆದರಿ ಬಂದರೆ ಆಫ್ರಿಕಾ ನಮಗೆ ಹೆದರಿತು. ಗೌರಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಬಂದರಿನ ಕಟ್ಟೆಯ ಮೇಲೆ ರುದ್ರ ನಿಂತಿದ್ದ. ಬಿಳಿ ಪ್ಯಾಂಟು, ಬಿಳಿ ತಲೆ, ಸ್ವಲ್ಪ ಬಾಗಿದ ಬೆನ್ನು. ನಾನು ಗುರುತಿಸಲೇ ಇಲ್ಲ. ಅವಳು ಅಷ್ಟು ದೂರದಿಂದ ಗುರುತಿಸಿ, ಕೈಯಲ್ಲಿದ್ದ ಗಂಟು ನನ್ನ ಮೇಲೆ ಎಸೆದು ಹೊರಟಳು. ಹತ್ತಿರ ಹೋಗಿ ನಿಂತಳು. ಮೂವತ್ತು ವರ್ಷ ಕೂಡಿಟ್ಟ ಮಾತು ಏನೇನಿತ್ತೋ, ಅವಳ ಬಾಯಿಂದ ಬಂದದ್ದು ಇಷ್ಟೇ.

'ಉಂಡ್ಯೇನೋ?'

ಆ ದೊಡ್ಡ ಮನುಷ್ಯ ಬಂದರಿನ ಕೂಲಿಗಳ ಮುಂದೆ ಕೂತು ಅತ್ತುಬಿಟ್ಟ. ನಾನು ಗಂಟು ಹಿಡಿದುಕೊಂಡು ಸಮುದ್ರ ನೋಡುತ್ತಾ ನಿಂತೆ. ನನ್ನ ಸರದಿ ಬಂದಾಗ ಅವನು ಬಾಗಿ ಕಾಲು ಮುಟ್ಟಿ, ಪ್ರಯಾಣ ಸುಖವಾಯಿತೇ ಅಂತ ಕೇಳಿದ. ಪುಸ್ತಕದ ಕನ್ನಡ. ಬೈದಿದ್ದರೆ ವಾಸಿಯಾಗಿತ್ತು.

ಮನೆಯಲ್ಲಿ ಅವನೂ ಅವನ ಹೆಂಡತಿ ಶಾಂತಾಬೆನ್ನೂ, ಇಬ್ಬರೇ. ಗುಜರಾತಿ ಹೆಂಗಸು, ಎತ್ತರ, ನಗುಮುಖ, ಕನ್ನಡದಲ್ಲಿ ಅವಳಿಗೆ ಬರುತ್ತಿದ್ದದ್ದು ಒಂದೇ ವಾಕ್ಯ, 'ಅಕ್ಕ ಹಂಗ್ ಮಾಡ್ತಿದ್ಲು'. ಮದುವೆಯಾದಾಗಿನಿಂದ ರುದ್ರ ಅದನ್ನು ಅಷ್ಟು ಸಲ ಹೇಳಿದ್ದನಂತೆ. ಅಕ್ಕನ ಜೊತೆ ರುದ್ರ ಆಡುವ ಕನ್ನಡ ಹಳೇ ಹೆತ್ತೂರಿನದು, ಈಗ ನಮ್ಮಲ್ಲೇ ಯಾರೂ ಆಡದ ಮಾತುಗಳು ಅವನ ಬಾಯಲ್ಲಿ ಹೊಸದಾಗಿ ಇದ್ದವು. ನಡುವೆ ಅಲ್ಲಿನ ಮಾತು ಸೇರಿಸುತ್ತಿದ್ದ. ಅಲ್ಲಿ ನಿಧಾನಕ್ಕೆ ಪೋಲೆಪೋಲೆ ಅಂತಾರೆ, ಔಷಧಿಗೆ ದವಾ ಅಂತಾರೆ. ದಾರಿಯಲ್ಲಿ ಎದುರು ಬಂದವರು ನಮ್ಮ ಕ್ಷೇಮ, ಮನೆಯ ಕ್ಷೇಮ, ದನದ ಕ್ಷೇಮ ಎಲ್ಲ ಕೇಳಿ ಮುಗಿಸದೆ ಮುಂದೆ ಬಿಡಲ್ಲ. ನಮ್ಮ ಆಲೂರು ಸಂತೆಯ ಜನ ಇದರಲ್ಲಿ ಅವರ ಕಾಲ ಕೆಳಗೆ ನುಸುಳಬೇಕು.

ಸಂಜೆ ನಾಲ್ಕಾಯಿತು ಅಂದರೆ ಆ ಬೀದಿಯ ಕಿಟಕಿಗಳೆಲ್ಲ ಮುಚ್ಚುತ್ತವೆ, ಮಂಚಕ್ಕೆಲ್ಲ ಪರದೆ ಇಳಿಯುತ್ತದೆ. ಭಾನುವಾರ ಊಟವಾದ ಮೇಲೆ ಒಂದು ತಟ್ಟೆಯಲ್ಲಿ ಮಾತ್ರೆ ಬರುತ್ತೆ, ನಮ್ಮಲ್ಲಿ ಎಲೆಅಡಿಕೆ ತಟ್ಟೆ ಬರೋ ಹಾಗೆ. ಮೊದಲ ಭಾನುವಾರ ತಟ್ಟೆ ಹಿಡಿದವನು ರುದ್ರ. ಹೆಂಡತಿಗೆ ಕೊಟ್ಟ, ಅಕ್ಕನಿಗೆ ಕೊಟ್ಟ, ತಾನು ನುಂಗಿದ, ಕೊನೆಗೆ ನನ್ನ ಮುಂದೆ ಬಂದು ನಿಂತ. ನಾನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅವನು ಅಲ್ಲೇ ನಿಂತಿದ್ದ.

'ನೀವು ಹೆಸರು ಹೇಳೋದ್ ಬ್ಯಾಡ ಬುಡಿ ಭಾವ. ನೀವು ಕಂಪೌಂಡ್ರು' ಅಂದ.

ಅದನ್ನು ಅವನು ನಗುತ್ತಲೇ ಹೇಳಿದ. ನಾನೂ ನಕ್ಕೆ, ಬಾಯಿ ತೆರೆಯದೆ. ಬಿಸಿತುಪ್ಪ ಅಂತಾರಲ್ಲ, ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ, ಅದು ನನ್ನ ನಾಲಿಗೆಯ ಕೆಳಗೇ ಇತ್ತು. ಕೈ ತೊಳೆಯುವ ನೆಪ ಮಾಡಿ ಜಗಲಿಗೆ ಹೋಗಿ ಕ್ರೋಟನ್ ಗಿಡದ ಕುಂಡಕ್ಕೆ ಉಗಿದೆ. ಎರಡನೇ ಭಾನುವಾರವೂ ಅದೇ ಕುಂಡ. ಮೂರನೆಯದೂ.

ಜ್ವರ

ಮೂರನೇ ಭಾನುವಾರ ಕಳೆದ ಎರಡು ದಿನಕ್ಕೆ, ಮಧ್ಯಾಹ್ನ ಊಟಕ್ಕೆ ಕೂತವನಿಗೆ ಚಳಿ ಶುರುವಾಯಿತು. ಆ ಊರಿನ ಸೆಕೆಯಲ್ಲಿ ಮೂರು ಕಂಬಳಿ ಹೊದ್ದು ಹಲ್ಲು ಕಡಿದೆ. ನೆಗಡಿ ಅಂದೆ, ಯಾರೂ ನಂಬಲಿಲ್ಲ. ರುದ್ರ ಕರೆತಂದ ಪಂಜಾಬಿ ಡಾಕ್ಟರು ಬೆರಳು ಚುಚ್ಚಿ ನೋಡಿ, ಚಳಿಜ್ವರವೇ, ಕೆಟ್ಟ ಜಾತಿಯದು, ಜೊತೆಗೆ ಈ ಗಡ್ಡೆ ಬೇರೆ ಅಂದರು. ಈ ಮನೆಯಲ್ಲಿ ಎಲ್ಲರೂ ಒಂದೇ ಮಾತ್ರೆ ನುಂಗಿ ಮೂವರಿಗೆ ಬಾರದ್ದು ಇವರಿಗೆ ಹೇಗೆ ಬಂತು ಅಂತ ಅವರಿಗೆ ಆಶ್ಚರ್ಯ. ಮದ್ದಿಗೆ ಬಗ್ಗದ ಹೊಸ ಜ್ವರವೋ ಏನೋ, ಮೇಲಿನವರಿಗೆ ಬರೆಯಬೇಕು ಅಂತ ಹೊರಟರು. ನಾನು ಕಂಬಳಿಯೊಳಗೆ ಹೋದೆ.

ಮೇಲಿನವರಿಗೆ ಬರೆಯುವ ಕಷ್ಟವನ್ನು ಶಾಂತಾಬೆನ್ ತಪ್ಪಿಸಿದಳು. ಕ್ರೋಟನ್ ಗಿಡ ಯಾಕೋ ಬಾಡಿದೆ ಅಂತ ಬುಡ ಕೆದಕಿದವಳು, ಅರ್ಧ ಕರಗಿದ ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಹೇಳೋಕೆ ಕನ್ನಡ ಬರಲ್ಲವಲ್ಲ. ಎಲ್ಲರಿಗೂ ತೋರಿಸಿದಳು ಅಷ್ಟೆ.

ಮಾಡಿದ್ದುಣ್ಣೋ ಮಾರಾಯ. ಗೌರಮ್ಮ ಮಾತ್ರೆ ನೋಡಿದಳು, ನನ್ನನ್ನು ನೋಡಿದಳು. ಬೊಂಬಾಯಿಯ ಪ್ರಶ್ನೆಯನ್ನು ಮತ್ತೆ ಕೇಳಿದಳು, ಈಗ ಟ್ರಾಮು ಇರಲಿಲ್ಲ. ಜ್ವರದ ತಾಪಕ್ಕೋ, ಸಾಯುತ್ತೇನೆ ಅನ್ನೋ ಹೆದರಿಕೆಗೋ, ನಾನು ಎಲ್ಲ ಹೇಳಿಬಿಟ್ಟೆ. ಔಷಧಿ ಕೋಣೆ, ಮೋರಿ, ಮೂವತ್ತೆಂಟು ವರ್ಷ. ರುದ್ರನನ್ನು ಎಳೆದು ತಂದು ಎರಡು ಗ್ಲಾಸ್ ಕುಡಿಸಿದ ಸಂಜೆಯೂ ನನ್ನ ಗ್ಲಾಸನ್ನು ಚೆಲ್ಲಿದ್ದೆ ಅಂತ ಹೇಳಿದೆ.

ರುದ್ರನ ಹೊಟ್ಟೆ ಕುಣಿಯೋಕೆ ಶುರುವಾಯಿತು. ಮಂಚದ ಕಾಲು ಹಿಡಿದುಕೊಂಡು ನಕ್ಕ, ಕೆಮ್ಮು ಬರೋ ತನಕ ನಕ್ಕ. ಮೂವತ್ತು ವರ್ಷ ಸಿಟ್ಟು ಹೊತ್ತು ತಿರುಗಿದ್ದೆ ಕಣ್ ಭಾವ, ಕಂಪೌಂಡ್ರು ಎಷ್ಟಾದ್ರೂ ನ್ಯಾಯಸ್ಥರು, ತಪ್ಪು ನಂದೇ ಅನ್ನೋದೇ ನಂಗೆ ಚುಚ್ತಿತ್ತು, ಈಗ ಹಗುರಾಯ್ತು ಅಂದ. ನನ್ನ ಹತ್ತಿರ ಪುಸ್ತಕದ ಕನ್ನಡ ಬಿಟ್ಟು ಮೊದಲ ಸಲ ಮನೆಯ ಕನ್ನಡದಲ್ಲಿ ಅಷ್ಟೊಂದು ಮಾತಾಡಿದ. ನನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ. ನಾನೂ ಅತ್ತೆ, ನಕ್ಕೆ, ನಡುಗಿದೆ, ಎಲ್ಲ ಒಟ್ಟಿಗೆ. ಭಾವ ಭಾವಮೈದುನರ ಮೂವತ್ತು ವರ್ಷದ ಜಗಳ ಅರ್ಧ ಗಂಟೆಯಲ್ಲಿ ಮುಗಿದುಹೋಯಿತು ಅಂತ ನಾವಿಬ್ಬರೂ ಅಂದುಕೊಂಡೆವು.

ಗೌರಮ್ಮ ನಗಲಿಲ್ಲ. ನಾಲ್ಕು ಮಾತ್ರೆ, ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದಳು. ನಾನು ನಾಲ್ಕನ್ನೂ ನುಂಗಿದೆ, ನಿಜವಾಗಿ ನುಂಗಿದೆ. ಅವಳು ಲೋಟ ತೆಗೆದುಕೊಂಡಳು.

'ಅವನು ಕಕ್ಕಿದ್ದಕ್ಕೆ ನೂರು ಜನದ ಮುಂದೆ ಹೆಸರು ಕೂಗ್ಸಿದ್ರಿ. ನೀವು ಚೆಲ್ಲಿದ್ದಕ್ಕೆ ನಿಮ್ಮನ್ನ ಯಾರ ಮುಂದೆ ನಿಲ್ಲಿಸ್ಲಿ? ನೀವಿಬ್ರೂ ಜಗಳ ಆಡ್ಕೊಂಡ್ರಿ, ನಕ್ಕೊಂಡ್ರಿ. ಮಗು ಕಳ್ಕೊಂಡೋಳು ನಾನು.'

ಇಷ್ಟು ಹೇಳಿ ಹೊರಗೆ ಹೋದಳು. 

ರುದ್ರ ನಗೋದನ್ನು ನಿಲ್ಲಿಸಿದ. ಅವನ ಮುಖ ನೋಡಿದೆ, ಅವನಿಗೂ ಅವಳ ಲೆಕ್ಕ ಹೊಳೆದಿರಲಿಲ್ಲ ಅಂತ ಗೊತ್ತಾಯಿತು. ಅವನು ಹೋದದ್ದು ನನ್ನ ಮೇಲಿನ ಸಿಟ್ಟಿಗೆ, ಬಾರದೆ ಇದ್ದದ್ದು ತನ್ನ ಹಠಕ್ಕೆ. ಎರಡಕ್ಕೂ ದಂಡ ಕಟ್ಟಿದವಳನ್ನು ನಾವು ಯಾರೂ ಒಂದು ಮಾತು ಕೇಳಿರಲಿಲ್ಲ.

ಮತ್ತೆ ಕಟ್ಟೆಯ ಮೇಲೆ

ಜ್ವರ ಆರು ದಿನಕ್ಕೆ ಬಿಟ್ಟಿತು. ಅವಳು ಗಂಜಿ ಕೊಟ್ಟಳು, ಬೆವರು ಒರೆಸಿದಳು, ಮಾತ್ರೆ ಎಣಿಸಿ ನುಂಗಿಸಿದಳು. ಮಾತು ಮಾತ್ರ ಆಡಲಿಲ್ಲ. ಎಲ್ಲಾ ಮಾತನ್ನೂ ತಮ್ಮನ ಜೊತೆ ಆಡಿದಳು. ಜಗಲಿಯಲ್ಲಿ ಕೂತು ಅವನಿಗೆ ರಾಗಿರೊಟ್ಟಿ ತಟ್ಟುತ್ತಾ, ಅವನು ಬಿಟ್ಟುಹೋದ ವರ್ಷದಿಂದ ಶುರುಮಾಡಿ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಹಸು ಎಷ್ಟು ಹಾಲು ಕೊಟ್ಟಿತು ಅಂತ ವರ್ಷ ವರ್ಷವೂ ಹೇಳುತ್ತಿದ್ದಳು. ನಾವು ಹಿಂದಿರುಗುವ ವಾರಕ್ಕೆ ಅವಳ ಕಥೆ ಇನ್ನೂ ಹನ್ನೆರಡನೇ ವರ್ಷದಲ್ಲಿತ್ತು.

ಹಡಗಿನ ದಿನ ಒಂದೇ ಪೆಟ್ಟಿಗೆ ಕಟ್ಟಿದ್ದಳು, ನನ್ನದು. ಬಂದರಿನ ಕಟ್ಟೆಯ ಮೇಲೆ ನಾನು ಅವಳ ಹತ್ತಿರ ಹೋಗಿ, ತಪ್ಪಾಯಿತು ಗೌರಿ ಅಂದೆ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಮಾತು ಮೊದಲ ಸಲ. ಅವಳು ನನ್ನ ಕೋಟಿನ ಗುಂಡಿ ಹಾಕಿದಳು.

'ನಂಗ್ ಹೇಳಿದ್ದು ಸಾಕು. ಅವತ್ತು ನಕ್ಕೋರು ಇದಾರಲ್ಲ, ಅವರಿಗ್ ಹೇಳಿ. ಊರಿಗೆಲ್ಲ ತಿಳಿದ್ ಮ್ಯಾಲೆ ನಾನ್ ಬತ್ತೀನಿ' ಅಂದಳು.

ಹಡಗಿನಲ್ಲಿ ಈ ಸಲ ಹೊಟ್ಟೆ ತೊಳಸಲಿಲ್ಲ. ಭಾನುವಾರ ಮಾತ್ರೆ ನುಂಗಿದೆ, ಕಿವಿಯಲ್ಲಿ ಜೀರುಂಡೆ ಕೂಗಿತು, ಕೂಗಲಿ ಅಂತ ಬಿಟ್ಟೆ.

ಹೊಸಕೋಟೆ

ಆಲೂರಿನ ಬಸ್ಸಿನಿಂದ ಒಬ್ಬನೇ ಇಳಿದಾಗ, ಅಮ್ಮಾವ್ರು ಎಲ್ಲಿ ಅಂತ ಎಲ್ಲರೂ ಕೇಳಿದರು. ಹಡಗಿನಲ್ಲಿ ಜಾಗ ಇರಲಿಲ್ಲ ಅಂದೆ. ಮಾರನೇ ದಿನ ಕಾಫಿ ಹೋಟ್ಲಿನಲ್ಲಿ ಹೇಳಲೇಬೇಕು ಅಂತ ಹೋದೆ. ಸಿಂಹ ನೋಡಿದ್ರಾ ಅಂತ ಕೇಳಿದರು. ಸಿಂಹದ ಮಾತಿಗೆ ಕೂತು, ನೋಡದ ಸಿಂಹದ ಬಗ್ಗೆ ಒಂದು ಗಂಟೆ ಹೇಳಿ ಎದ್ದು ಬಂದೆ. ಹೆತ್ತೂರಿಗೂ ಹೋದೆ. ಹಳೇ ಲೈನಿನ ಜನ ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು, ನಿಮ್ಮ ಕ್ವಿನೈನಿಂದಲೇ ನಾವು ಬದುಕಿದ್ದು ಸ್ವಾಮಿ ಅಂದರು. ಅವರು ಕೊಟ್ಟ ಕಾಫಿ ಕುಡಿದು ವಾಪಸ್ಸು ಬಸ್ಸು ಹತ್ತಿದೆ.

ಅವಳಿಂದ ಎರಡು ಕಾಗದ ಬಂದಿವೆ. ಅವಳದೇ ಅಕ್ಷರ, ಒಂದೊಂದೂ ಅವರೆಕಾಳಿನಷ್ಟು ದಪ್ಪ. ಎರಡರಲ್ಲೂ ಕೊನೆಯ ಸಾಲು, 'ಹೇಳಿದಿರಾ?'

ನಮ್ಮ ತಾಲ್ಲೂಕಿನ ವಾರ್ಷಿಕ ಸಂಚಿಕೆಗೆ ಪ್ರವಾಸದ ಬಗ್ಗೆ ಬರೆದುಕೊಡಿ ಅಂತ ಶಾಲೆಯ ಮೇಷ್ಟರು ಕೇಳಿದಾಗ, ಬಾಯಲ್ಲಿ ಆಗದ್ದು ಕೈಯಲ್ಲಾದರೂ ಆಗಲಿ ಅಂತ ಇದನ್ನು ಬರೆದೆ. ಹೆತ್ತೂರಿನಲ್ಲಿ ಓದು ಬಂದವರು ಬಾರದವರಿಗೆ ಓದಿ ಹೇಳಬೇಕು. ಮೇಷ್ಟರು ಒಂದು ಪ್ರತಿ ಜಾಸ್ತಿ ಕೊಡಬೇಕು, ಮೊಂಬಾಸಾಕ್ಕೆ ಕಳಿಸೋದಿದೆ. ಅವಳು ಓದೋದು ನಿಧಾನ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ, ಇಷ್ಟನ್ನು ಮುಗಿಸೋಕೆ ವಾರ ಬೇಕು. ಓದಲಿ. ತಮ್ಮನಿಗೆ ಉಳಿದ ಹದಿನೆಂಟು ವರ್ಷದ ಕಥೆಯನ್ನೂ ಹೇಳಿ ಮುಗಿಸಿಯೇ ಬರಲಿ. ನನಗೆ ಅವಸರವಿಲ್ಲ ಅಂದರೆ ಸುಳ್ಳಾಗುತ್ತದೆ, ಈ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣೋದು ಕ್ವಿನೈನಿಗಿಂತ ಕಹಿ. ಆದರೂ ಕಾಯುತ್ತೇನೆ. ಅವಳು ಮೂವತ್ತು ವರ್ಷ ಕಾದಿದ್ದಾಳೆ.